ಹಣೆಬರಹ ಮತ್ತು ನಿಯತಿವಾದ: ಮನೋವಿಜ್ಞಾನದ ಒಂದು ಚರ್ಚೆ ಹಾಗೂ ಕನ್ನಡ ಜನಪದ ಕಥೆ

ಮನುಷ್ಯನ ನಡವಳಿಕೆ ಅವನ ಸ್ವತಂತ್ರ ಇಚ್ಛೆಯ ಫಲವೋ ಅಥವಾ ಪೂರ್ವಕಾರಣಗಳ ಅನಿವಾರ್ಯ ಪರಿಣಾಮವೋ ಎಂಬ ಪ್ರಶ್ನೆ ಆಧುನಿಕ ಮನೋವಿಜ್ಞಾನದ ಆರಂಭದಿಂದಲೂ ಚರ್ಚೆಯಲ್ಲಿದೆ. ಎರಡನೆಯ ನಿಲುವನ್ನು ಕನ್ನಡದಲ್ಲಿ ‘ನಿಯತಿವಾದ’ ಎಂದು ಕರೆಯುವುದುಂಟು. ಆದರೆ ‘ನಿಯತಿ’ ಎಂಬ ಪದಕ್ಕೆ ಮಕ್ಖಲಿ ಗೋಸಾಲನ ಆಜೀವಕ ಪಂಥದ ಹಿನ್ನೆಲೆಯಿದೆ. ಪುರುಷಪ್ರಯತ್ನದಿಂದ ಏನೂ ಬದಲಾಗದು ಎಂಬುದು ಅಲ್ಲಿನ ತಾತ್ಪರ್ಯ. ಮನೋವಿಜ್ಞಾನದ ನಿಯತಿವಾದವನ್ನು ಜನಪದರ ಹಣೆಬರಹದೊಂದಿಗೆ ಸಮೀಕರಿಸಲು ಈ ಪದವೇ ಎಡೆಮಾಡಿಕೊಡುತ್ತದೆ. ಇವೆರಡರ ವ್ಯತ್ಯಾಸವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಲಿಯಂ ಜೇಮ್ಸ್ 1884ರಲ್ಲಿ ಹಾರ್ವರ್ಡ್‌ನಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ, ನಿಯತಿವಾದವನ್ನು ಒಪ್ಪಿದರೆ ಪಶ್ಚಾತ್ತಾಪಕ್ಕೆ ಅರ್ಥ ಉಳಿಯದೆಂದು ವಾದಿಸಿದರು. ನಡೆದ ಕೃತ್ಯ ನಡೆಯದೆಯೂ ಇರಬಹುದಿತ್ತು ಎಂಬ ಸಾಧ್ಯತೆ ಇದ್ದರೆ ತಾನೆ ಅದಕ್ಕಾಗಿ ಮರುಗುವುದು ಸಾರ್ಥಕ! ಸಿಗ್ಮಂಡ್ ಫ್ರಾಯ್ಡ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. 1901ರಲ್ಲಿ ಪ್ರಕಟವಾದ, ದಿನನಿತ್ಯದ ಮರೆವು ಮತ್ತು ಬಾಯ್ತಪ್ಪುಗಳನ್ನು ಕುರಿತ ಅಧ್ಯಯನದಲ್ಲಿ, ಮನಸ್ಸಿನಲ್ಲಿ ಆಕಸ್ಮಿಕವಾದುದು ಯಾವುದೂ ಇಲ್ಲವೆಂದು ಪ್ರತಿಪಾದಿಸಿದರು. ತಾವು ಪತ್ರವೊಂದರಲ್ಲಿ ಸುಮ್ಮನೆ ಬರೆದ 2467 ಎಂಬ ಸಂಖ್ಯೆಗೂ ಅವರು ಸುಪ್ತ ಕಾರಣಗಳನ್ನು ಹುಡುಕಿ ತೋರಿಸಿದರು. ಆದರೂ ಕಾರಣವನ್ನು ಅರಿತ ರೋಗಿ ಅದರ ಹಿಡಿತದಿಂದ ಬಿಡಿಸಿಕೊಳ್ಳಬಲ್ಲನೆಂಬ ನಂಬಿಕೆಯೇ ಅವರ ಚಿಕಿತ್ಸೆಗೆ ತಳಹದಿಯಾಗಿತ್ತು.

1956ರಲ್ಲಿ ಬಿ.ಎಫ್. ಸ್ಕಿನ್ನರ್ ಮತ್ತು ಕಾರ್ಲ್ ರೋಜರ್ಸ್ ನಡುವೆ ಪ್ರಸಿದ್ಧ ವಾದ ನಡೆಯಿತು. ನಡವಳಿಕೆಯನ್ನು ಪರಿಸರವು ರೂಪಿಸುತ್ತದೆ. ಆದ್ದರಿಂದ ಪರಿಸರವನ್ನು ತಿದ್ದಿ ನಡವಳಿಕೆಯನ್ನು ತಿದ್ದಬಹುದೆಂಬುದು ಸ್ಕಿನ್ನರ್ ಅವರ ನಿಲುವು. ನಿಯಂತ್ರಿಸುವವರು ಯಾರು, ಯಾವ ಮೌಲ್ಯಕ್ಕಾಗಿ ಎಂಬುದು ರೋಜರ್ಸ್ ಅವರ ಪ್ರಶ್ನೆ. ಇಲ್ಲಿ ಗಮನಿಸಬೇಕಾದುದೆಂದರೆ, ಫ್ರಾಯ್ಡ್ ಮತ್ತು ಸ್ಕಿನ್ನರ್ ಇಬ್ಬರಲ್ಲಿಯೂ ಇಚ್ಛೆ ಬದ್ಧವಾದುದು. ಆದರೆ ಕಾರಣ ಬದಲಾದರೆ ಫಲವೂ ಬದಲಾಗುತ್ತದೆ.

ಫ್ರಾಯ್ಡ್ ಆಧಾರವಾಗಿಸಿಕೊಂಡ ಈಡಿಪಸ್ ಕಥೆಗೆ ಕನ್ನಡದಲ್ಲಿ ಒಂದು ಜನಪದ ಪ್ರತಿರೂಪವಿದೆ. ಎ.ಕೆ. ರಾಮಾನುಜನ್ ಅವರ ಭಾರತೀಯ ಈಡಿಪಸ್ ಕುರಿತ ಪ್ರಬಂಧ ಇದನ್ನು ವಿವೇಚಿಸುತ್ತದೆ. ಹೆತ್ತ ಮಗನನ್ನೇ ಮದುವೆಯಾಗಿ ಅವನಿಂದ ಮಗುವನ್ನು ಪಡೆಯುವೆಯೆಂಬ ಶಾಪ ಹೊತ್ತು ಹುಟ್ಟಿದ ಹೆಣ್ಣೊಬ್ಬಳು, ಅದನ್ನು ತಪ್ಪಿಸಿಕೊಳ್ಳಲು ಗಂಡಸರ ಸಂಗವನ್ನೇ ತೊರೆದು ಕಾಡು ಸೇರುತ್ತಾಳೆ. ಅಲ್ಲಿ ಮಾವಿನ ಹಣ್ಣು ತಿಂದು ಬಸಿರಾಗುತ್ತಾಳೆ. ಹುಟ್ಟಿದ ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಅರಸನೊಬ್ಬನ ಆಶ್ರಯದಲ್ಲಿ ಬೆಳೆದ ಆ ಮಗ ಮುಂದೆ ಬೇಟೆಗೆ ಬಂದು ಅವಳನ್ನೇ ವರಿಸುತ್ತಾನೆ. ಅವರಿಗೆ ಹುಟ್ಟಿದ ಮಗುವಿಗಾಗಿ ತಂದೆಯ ಹಳೆಯ ತೊಟ್ಟಿಲ ಬಟ್ಟೆಯನ್ನು ಹೊರತೆಗೆದಾಗ ತನ್ನ ಸೀರೆಯ ತುಂಡನ್ನು ಗುರುತಿಸಿದ ಆಕೆ, ಮಗುವಿಗೆ ಜೋಗುಳ ಹಾಡಿ ನೇಣು ಹಾಕಿಕೊಳ್ಳುತ್ತಾಳೆ.

ಈ ಕಥೆಯಲ್ಲಿ ನಾಯಕಿಯ ಇಚ್ಛೆಯನ್ನು ಯಾವ ಶಕ್ತಿಯೂ ಕಟ್ಟಿಹಾಕಿಲ್ಲ. ಕಾಡಿಗೆ ಹೋಗುವುದು, ಕೂಸನ್ನು ಬಿಡುವುದು, ಮಗನಿಲ್ಲವೆಂಬ ಧೈರ್ಯದಿಂದ ಮದುವೆಗೆ ಒಪ್ಪುವುದು ಇವೆಲ್ಲ ಅವಳದೇ ನಿರ್ಧಾರಗಳು. ಬದ್ಧವಾಗಿರುವುದು ಫಲ ಮಾತ್ರ. ಕಾರಣ ಯಾವುದಾದರೂ ಅಂತ್ಯ ಅದೇ ಆಗಿರುವುದು ಹಣೆಬರಹದ ಲಕ್ಷಣ. ಹೀಗೆ ಅದು ಮನೋವಿಜ್ಞಾನದ ನಿಯತಿವಾದದಿಂದ ಭಿನ್ನವಷ್ಟೇ ಅಲ್ಲ, ಅದಕ್ಕೆ ವಿಲೋಮವಾದುದೂ ಹೌದು.

ಜನಪದರು ವಿಧಿಗೆ ಶರಣಾದ ನಿಷ್ಕ್ರಿಯರು ಎಂಬ ನಿರ್ಣಯವನ್ನು ಆದ್ದರಿಂದ ಪುನರ್ವಿಮರ್ಶಿಸಬೇಕಾಗುತ್ತದೆ. ಈ ಕಥೆಯ ಹೆಣ್ಣು ಹಣೆಬರಹವನ್ನು ನಂಬಿಯೂ ಕೊನೆಯವರೆಗೆ ಅದರೊಡನೆ ಹೋರಾಡುತ್ತಾಳೆ. ಬೇರೆ ದಾರಿ ಇದ್ದಾಗ ಮಾತ್ರ ಪಶ್ಚಾತ್ತಾಪಕ್ಕೆ ಅರ್ಥವೆಂದರು ಜೇಮ್ಸ್. ಬೇರೆ ದಾರಿಯೇ ಇಲ್ಲದಿದ್ದರೂ ಮಾಡದ ತಪ್ಪಿನ ಹೊಣೆಯನ್ನು ಈಕೆ ತಾನೇ ಹೊರುತ್ತಾಳೆ. ಆ ಹೊಣೆ ನ್ಯಾಯವೇ ಎಂಬ ಪ್ರಶ್ನೆಯನ್ನು ಕಥೆ ಕೇಳುಗರಿಗೇ ಬಿಟ್ಟಿದೆ.