ವೀಣೆಯ ದನಿ ಕೊನೆಯ ಸಾಲಿಗೆ ಕೇಳಬೇಕಾದರೆ...

ಡಿಸೆಂಬರ್ ಬಂತೆಂದರೆ ಚೆನ್ನೈನಲ್ಲಿರುವ ನಮ್ಮಂಥವರಿಗೆ ಸಭೆಯಿಂದ ಸಭೆಗೆ ಅಲೆಯುವುದೇ ಕೆಲಸ. ಒಂದು ಸಲ ವೀಣೆ ಕಚೇರಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ದನಿಯೇನೋ ಜೋರಾಗಿಯೇ ಇತ್ತು. ಆದರೆ ಕಣ್ಣು ಮುಚ್ಚಿದರೆ ಇದು ವೀಣೆಯೋ ಗಿಟಾರೋ ಅನ್ನುವ ಅನುಮಾನ! ಚಿಕ್ಕಂದಿನಲ್ಲಿ ಊರಿನ ಮನೆಗಳಲ್ಲಿ ಕೇಳಿದ ವೀಣೆ ಹೀಗಿರಲಿಲ್ಲವಲ್ಲ, ಎಲ್ಲಿ ತಪ್ಪಿತು ಅಂತ ಯೋಚನೆಗೆ ಬಿದ್ದೆ.

ವೀಣೆ ಹತ್ತಿರ ಕೂತು ಕೇಳುವವರ ವಾದ್ಯ. ವೀಣೆ ಶೇಷಣ್ಣನವರು (1852-1926) ನುಡಿಸುತ್ತಿದ್ದದ್ದು ಮೈಸೂರು ಅರಮನೆಯಲ್ಲಿ, ರಸಿಕರ ಮನೆಗಳಲ್ಲಿ. ಇಲ್ಲಿ ಮದರಾಸಿನ ಜಾರ್ಜ್ ಟೌನಿನಲ್ಲಿ ವೀಣೆ ಧನಮ್ಮಾಳ್ (1867-1938) ಶುಕ್ರವಾರ ಸಂಜೆ ತಮ್ಮ ಮನೆಯಲ್ಲೇ ನುಡಿಸುತ್ತಿದ್ದರು. ದೊಡ್ಡ ವಿದ್ವಾಂಸರೂ ಅಲ್ಲಿ ಸದ್ದು ಮಾಡದೆ ಕೂತು ಕೇಳುತ್ತಿದ್ದರಂತೆ.

ಈ ನಿಶ್ಶಬ್ದಕ್ಕೆ ಕಾರಣವಿದೆ. ವೀಣೆಯಲ್ಲಿ ಒಮ್ಮೆ ಮೀಟಿದ ನಾದ ಕೆಲವೇ ಕ್ಷಣಗಳಲ್ಲಿ ಕ್ಷೀಣಿಸುತ್ತದೆ. ಅಷ್ಟರೊಳಗೆ ಎಡಗೈಯಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಇನ್ನೆರಡು ಮೂರು ಸ್ವರ ತೆಗೆಯಬೇಕು. ಅಂದರೆ ಗಮಕ ಇರುವುದೇ ಸದ್ದು ಸಣ್ಣಗಾಗುವ ಆ ಬಾಲದಲ್ಲಿ. ನಾದಕ್ಕೆ ಆ ಝೇಂಕಾರ ಬರುವುದು ಅಗಲವಾದ, ಬಾಗಿದ ಕುದುರೆಯಿಂದ. ಸಿ.ವಿ. ರಾಮನ್ 1921ರಲ್ಲೇ ಈ ಕುದುರೆಯ ಬಗ್ಗೆ ಪ್ರಬಂಧ ಬರೆದಿದ್ದರು!

ಆಮೇಲೆ ಸಭಾಂಗಣಗಳು ಬಂದವು. 1928ರಲ್ಲಿ ಶುರುವಾದ ಮದರಾಸಿನ ಮ್ಯೂಸಿಕ್ ಅಕಾಡೆಮಿ 1962ರಲ್ಲಿ ಸ್ವಂತ ಸಭಾಂಗಣ ಕಟ್ಟಿಸಿಕೊಂಡಿತು. ಸುಮಾರು 1,600 ಜನ ಕೂರಬಹುದು. ಅಷ್ಟು ದೂರಕ್ಕೆ ಮೀಟು ಮುಟ್ಟಿದರೂ ಬಾಲ ಮುಟ್ಟುವುದಿಲ್ಲ. ಮುಂದೆ ಮೈಕ್ ಇಟ್ಟರೆ ಪಕ್ಕದ ಮೃದಂಗವೂ ಅದರೊಳಗೆ ನುಗ್ಗುತ್ತದೆ, ಜಾಸ್ತಿ ಮಾಡಿದರೆ ಕುಯ್ ಅನ್ನುತ್ತದೆ. ಉಳಿದದ್ದು ಎರಡು ದಾರಿ. ಒಂದು, ಗಟ್ಟಿಯಾಗಿ, ಮತ್ತೆ ಮತ್ತೆ ಮೀಟುವುದು. ಆಗ ಗಮಕ ಚೂರಾಗುತ್ತದೆ. ಇನ್ನೊಂದು, ವೀಣೆಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್.

ಈ ಮೈಕನ್ನು ಬೈಯುವವರು ಬಹಳ. ಮರದ ನಾದ ಹೋಗಿ ಉಗುರಿನ ಸದ್ದು, ತಂತಿಯ ಮೇಲೆ ಬೆರಳು ಜಾರುವ ಸದ್ದು ದೊಡ್ಡದಾಗುತ್ತದೆ, ನಿಜ. ಆದರೆ ಲಾಭವೂ ಇದೆ. ಈಮನಿ ಶಂಕರಶಾಸ್ತ್ರಿ (1922-87), ಅವರ ಶಿಷ್ಯ ಚಿಟ್ಟಿಬಾಬು (1936-96) ಮೊದಲಾದವರ ವಾದನ ಕೇಳಿ. ಒಂದೇ ಮೀಟಿನಲ್ಲಿ ಉದ್ದಕ್ಕೆ ಹಾಡಿದಂತೆ ಎಳೆಯಲು ವಿದ್ಯುತ್ತಿನ ನೆರವು ಕೆಲಸಕ್ಕೆ ಬಂತು.

ನನಗನ್ನಿಸುವುದು ಇಷ್ಟೆ. ಮೈಕ್ ಬಂದಮೇಲೆ ಕೈ ಇನ್ನೂ ಹಗುರವಾಗಬೇಕಿತ್ತು, ಅನೇಕರದ್ದು ಇನ್ನೂ ಬಿರುಸಾಯಿತು. ದೊಡ್ಡ ಸಭೆಯಲ್ಲೂ ಮೆಲ್ಲಗೆ ನುಡಿಸಬಹುದು ಅನ್ನುವುದಕ್ಕೆ ನಮ್ಮ ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರೇ (1920-97) ಸಾಕ್ಷಿ. ಆ ಮೃದುವಾದ ಮೀಟಿಗೆ ಇದೇ ಅಕಾಡೆಮಿ 1984ರಲ್ಲಿ ಸಂಗೀತ ಕಲಾನಿಧಿ ಕೊಟ್ಟಿತು.

ಕಚೇರಿ ಶುರುವಾದ ಕೂಡಲೇ ಹಿಂದಿನಿಂದ "ಕೇಳಿಸ್ತಿಲ್ಲ, ವಾಲ್ಯೂಮ್ ಜಾಸ್ತಿ ಮಾಡಿ" ಅಂತ ಕೂಗುವವರು ನಾವೇ ಅಲ್ಲವೆ? ಐದು ನಿಮಿಷ ಸುಮ್ಮನಿದ್ದು ನೋಡೋಣ. ಅಷ್ಟರಲ್ಲಿ ಕಿವಿ ತಾನಾಗಿ ಹೊಂದಿಕೊಳ್ಳುತ್ತದೆ. ಧನಮ್ಮಾಳ್ ಮನೆಯಲ್ಲಿ ಕೂತವರು ಮಾಡುತ್ತಿದ್ದದ್ದೂ ಅದನ್ನೇ.