ಅಮೂರ್ತದ ಅಂಚಿನಲ್ಲಿ ಹೆಬ್ಬಾರ್

ನನ್ನ ಪ್ರಬಂಧದ ಒಂದು ಅಧ್ಯಾಯದಿಂದ ಕೆ.ಕೆ. ಹೆಬ್ಬಾರರನ್ನು ಕೈಬಿಟ್ಟಿದ್ದೆ. ಸ್ವಾತಂತ್ರ್ಯೋತ್ತರ ಅಮೂರ್ತ ಚಿತ್ರಕಲೆ ಅದರ ವಿಷಯ. ಹೆಬ್ಬಾರರಲ್ಲಿ ಮನುಷ್ಯಾಕೃತಿ ಪೂರ್ತಿ ಮಾಯವಾಗುವುದು ಅಪರೂಪ, ಆದ್ದರಿಂದ ಬೇಡವೆಂದುಕೊಂಡೆ.

ರಜೆಗೆ ಗಜೇಂದ್ರಗಡಕ್ಕೆ ಬಂದಾಗ ಅವರ ಚಿತ್ರಗಳ ಪುಸ್ತಕ ಬಿಡಿಸಿಕೊಂಡು ಕೂತಿದ್ದೆ. ಪಟ್ಟೇದಂಚಿನ ಸೀರೆ ನೇಯ್ದೇ ಮುದುಕಿಯಾದ ನಮ್ಮಜ್ಜಿ ಒಂದು ಪುಟದ ಮೇಲೆ ಬೆರಳಿಟ್ಟು, "ಇದು ಕುಣ್ಯಾಕ ಹತ್ತೈತಲ್ಲೋ" ಅಂದಳು. ಅಲ್ಲಿ ಕುಣಿಯುವವರು ಯಾರೂ ಇರಲಿಲ್ಲ. ಬರೀ ಗೆರೆ, ಬಣ್ಣ.

ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ಯಕ್ಷಗಾನದ ಸೀಮೆ ಅದು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಮುಗಿಸಿ, ಅಲ್ಲೇ ಕೆಲವು ವರ್ಷ ಪಾಠ ಹೇಳಿದರು. ಶಾಲೆ ಕಲಿಸಿದ ಯುರೋಪಿನ ಯಥಾರ್ಥ ಶೈಲಿ ಸಾಲದೆನಿಸಿದಾಗ ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ಅಮೃತಾ ಶೇರ್‌ಗಿಲ್‌ರನ್ನೂ ಗೋಗ್ಯಾನನ್ನೂ ನೋಡಿದರು. 1947ರಲ್ಲಿ ಹುಟ್ಟಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನೊಳಗೆ ಅವರಿರಲಿಲ್ಲ. ನಮ್ಮ ಕಲಾಚರಿತ್ರೆ ಆ ಗುಂಪಿನ ಸುತ್ತಲೇ ಗಿರಕಿ ಹೊಡೆಯುವುದರಿಂದ ಹೊರಗಿದ್ದವರು ಅಡಿಟಿಪ್ಪಣಿಗೆ ಇಳಿಯುತ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಯುದ್ಧ ಮುಗಿದ ಮೇಲೆ, 1949-50ರಲ್ಲಿ, ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತರು. ಮುಂದೆ ಅವರ ಕ್ಯಾನ್ವಾಸಿನಲ್ಲಿ ಬಣ್ಣ ದಪ್ಪವಾಗುತ್ತ, ಆಕಾರ ಕರಗುತ್ತ ಹೋಯಿತು. ಆದರೆ ಪ್ಯಾರಿಸ್ಸೇ ಇದನ್ನೆಲ್ಲ ಮಾಡಿಸಿತು ಎನ್ನಲಾರೆ. ಲಯ ತಿಳಿಯಬೇಕೆಂದು ಸ್ವತಃ ಕಥಕ್ ಕಲಿತ ಚಿತ್ರಕಾರ ಇವರು! ಕುಣಿಯುವ ಮೈಯನ್ನು ಒಂದೆರಡು ಗೆರೆಗೆ ಇಳಿಸುತ್ತ ಹೋದರೆ, ಒಂದು ಹಂತದಲ್ಲಿ ಮೈ ಬಿಟ್ಟುಹೋಗಿ ಕುಣಿತವಷ್ಟೇ ಉಳಿಯುತ್ತದೆ. ಹೆಬ್ಬಾರರ ಅಮೂರ್ತ ಬಂದದ್ದು ಈ ದಾರಿಯಲ್ಲಿ ಎಂದು ನನ್ನ ಅನಿಸಿಕೆ. ಅವರಿಗಿಂತ ಹದಿಮೂರು ವರ್ಷ ಕಿರಿಯರಾದ ಗಾಯತೊಂಡೆ ಆಕೃತಿಯನ್ನು ಪೂರ್ತಿ ಬಿಟ್ಟು ಮೌನದ ಕಡೆ ನಡೆದರು. ಹೆಬ್ಬಾರರು ಬಿಟ್ಟೂ ಬಿಡದಂತೆ ಹಿಡಿದಿದ್ದರು. ಅದು ಅಳುಕೆಂದು ಹಿಂದೊಮ್ಮೆ ಬರೆದಿದ್ದೆ. ಆ ಸಾಲನ್ನು ಈಗ ಹೊಡೆದುಹಾಕಿದ್ದೇನೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ, 1996ರಲ್ಲಿ ತೀರಿಕೊಂಡರು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವರ ಚಿತ್ರಗಳಿವೆ. ಅಧ್ಯಾಯ ತಿದ್ದುವ ಮೊದಲು ಅವುಗಳ ಮುಂದೆ ಮತ್ತೊಮ್ಮೆ ನಿಲ್ಲಬೇಕು. ಅಜ್ಜಿ ಪುಸ್ತಕ ಮುಚ್ಚುವ ಮುಂಚೆ ಕೇಳಿದ್ದು ಇಷ್ಟೇ: "ಇಷ್ಟ ತೆಗ್ಯಾಕ ಅವ್ರಿಗೆ ಎಷ್ಟ ದಿನ ಹಿಡೀತಂತ?"