ಊರಾಚೆಗೂ ಕೇಳಿಸಿದ ಡಂಗುರ
2008ರ ಫೆಬ್ರವರಿ 24ರಂದು ಯೂಟ್ಯೂಬ್ ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಸಿಗಲಿಲ್ಲ. ಸರ್ವರ್ ಕೆಟ್ಟಿರಲಿಲ್ಲ; ಅಲ್ಲಿಗೆ ಹೋಗುವ ದಾರಿ ತಪ್ಪಿತ್ತು.

ಇಂಟರ್‌ನೆಟ್ಟಿನ ಜಾಲಗಳು ಬಿಜಿಪಿ ಎಂಬ ಪ್ರೋಟೋಕಾಲಿನಲ್ಲಿ ‘ಈ ವಿಳಾಸಗಳಿಗೆ ನನ್ನ ಮೂಲಕ ಬನ್ನಿ’ ಎಂದು ಡಂಗುರ ಸಾರುತ್ತವೆ. ವಿಳಾಸಗಳ ಇಂಥ ಗುಂಪಿಗೆ ಪ್ರಿಫಿಕ್ಸ್ ಎಂದು ಹೆಸರು. ದೊಡ್ಡ ಗುಂಪಿಗೂ ಅದರೊಳಗಿನ ಚಿಕ್ಕ ಗುಂಪಿಗೂ ಬೇರೆ ಬೇರೆ ದಾರಿ ಕೇಳಿಬಂದರೆ ರೌಟರ್ ಚಿಕ್ಕದನ್ನೇ ನಂಬುತ್ತದೆ.

ಯೂಟ್ಯೂಬ್ 1,024 ವಿಳಾಸಗಳ ಪ್ರಿಫಿಕ್ಸ್ ಸಾರುತ್ತಿತ್ತು. ಸರ್ಕಾರದ ಆದೇಶದಂತೆ ಅದನ್ನು ದೇಶದೊಳಗೆ ತಡೆಯಲು ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ 256 ವಿಳಾಸಗಳನ್ನು ತನ್ನದೆಂದು ಸಾರಿತು. ಆ ಮಾತು ಗಡಿಯೊಳಗೇ ಉಳಿಯಬೇಕಿತ್ತು. ಅದು ಹೊರಗೆ ಬಂತು. ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಸೋಸದೆ ಮುಂದಕ್ಕೆ ದಾಟಿಸಿತು.

ಯೂಟ್ಯೂಬ್ ತಾನೂ ಅದೇ 256ನ್ನು ಸಾರಿತು. ಅದು ಸಾಲದೆ 128ರ ಎರಡು ತುಂಡುಗಳಾಗಿ ಸಾರಿತು. ಕೊನೆಗೆ ಪಿಸಿಸಿಡಬ್ಲ್ಯು ತಪ್ಪು ದಾರಿಯನ್ನು ಹಿಂತೆಗೆಯಿತು.

ಯಾವ ಪ್ರಿಫಿಕ್ಸ್ ಹೊರಹೋಗಬಹುದು, ಗ್ರಾಹಕರಿಂದ ಯಾವುದು ಒಳಬರಬಹುದು ಎಂಬ ಪಟ್ಟಿ ರೌಟರಿನಲ್ಲಿದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಈ ಉಪಾಯ ಆಗಲೇ ಹಳೆಯದು. ಇಂದು ಆರ್‌ಪಿಕೆಐ ಎಂಬ ವ್ಯವಸ್ಥೆ ಯಾವ ಪ್ರಿಫಿಕ್ಸನ್ನು ಯಾವ ಜಾಲ ಸಾರಬಹುದೆಂಬುದಕ್ಕೆ ಡಿಜಿಟಲ್ ಸಹಿಯ ಪುರಾವೆ ಕೊಡುತ್ತದೆ. ಅದನ್ನು ನೋಡಿ ಸುಳ್ಳನ್ನು ತಳ್ಳಿಹಾಕುವುದು ಮಾತ್ರ ಈಗಲೂ ಆಯಾ ಜಾಲದವರಿಗೆ ಬಿಟ್ಟದ್ದು.